ತುಳುವಿನಲ್ಲಿ ಹೇಳಿದ ಮಾತು

ಅಬುಧಾಬಿಯಲ್ಲಿರುವ ಒಂದು ವಿದೇಶಿ ರಾಯಭಾರ ಕಚೇರಿಯಲ್ಲಿ ನನಗೆ ಕೆಲಸ. ಹಾಗೆಂದರೆ ಊರಿನವರು ಏನೇನೋ ಅಂದುಕೊಳ್ಳುತ್ತಾರೆ. ರಜೆಯಲ್ಲಿ ಹೋದಾಗ ಇಗರ್ಜಿಯ ಅಂಗಳದಲ್ಲಿ ಯಾರಾದರೂ ಸಿಕ್ಕಿ, "ನಿಮ್ಮದು ಭಾರೀ ದೊಡ್ಡ ಕೆಲಸ ಅಂತೆ ಅಲ್ಲವಾ?" ಎಂದರೆ ನಾನು ಅಲ್ಲವೆನ್ನುವುದೂ ಇಲ್ಲ. ನಿಜ ಹೇಳಬೇಕೆಂದರೆ ನನ್ನ ಕೆಲಸ ಕುರ್ಚಿ ಇಡಿಸುವುದು. ಯಾವ ಅತಿಥಿ ಯಾರ ಎದುರು ಕೂರಬೇಕು, ಯಾರ ಕಾರು ಮೊದಲು ಬಾಗಿಲಿಗೆ ಬರಬೇಕು, ಯಾರ ಕಾಫಿಗೆ ಸಕ್ಕರೆ ಬೇಡ, ಇಷ್ಟು ನೋಡಿಕೊಂಡರೆ ಮುಗಿಯಿತು. ಸಭೆ ಶುರುವಾದ ಮೇಲೆ ನೋಟ್‌ಬುಕ್ಕು ಹಿಡಿದು ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಹಿಂದಿನ ಸಾಲಿನವರು ಮಾತಾಡುವಂತಿಲ್ಲ. ತೀರಾ ಅಗತ್ಯ ಬಿದ್ದರೆ ಒಂದು ಚೀಟಿ ಬರೆದು ಮುಂದಿನ ಸಾಲಿಗೆ ದಾಟಿಸಬಹುದು. ಇಪ್ಪತ್ತು ವರ್ಷಗಳಲ್ಲಿ ನಾನು ದಾಟಿಸಿದ ಚೀಟಿಗಳೆಲ್ಲ "ಊಟ ತಯಾರಿದೆ" ಎನ್ನುವಂಥವೇ.

ವರ್ಷಕ್ಕೊಮ್ಮೆ ನಮ್ಮ ಕಚೇರಿಯ ದೇಶದಿಂದ ಒಂದು ನಿಯೋಗ ಬಂದು ಇಲ್ಲಿನ ಅಧಿಕಾರಿಗಳ ಜೊತೆ ಮಾತುಕತೆ ನಡೆಸುತ್ತದೆ. ಮೊದಲು ವ್ಯಾಪಾರ, ಆಮೇಲೆ ಭದ್ರತೆ, ಎಲ್ಲರಿಗೂ ಹೊಟ್ಟೆ ಹಸಿಯತೊಡಗಿದಾಗ ಕಾರ್ಮಿಕರು ಮತ್ತು ಹಕ್ಕುಗಳು. ರಾಜಮನೆತನ ಆಳುವ ದೇಶದಲ್ಲಿ ಈ ಕೊನೆಯ ವಿಷಯ ಎತ್ತುವುದಕ್ಕೆ ಒಂದು ಕ್ರಮವಿದೆ. ಮೊದಲು ಈವರೆಗೆ ಆಗಿರುವ ಸುಧಾರಣೆಗಳನ್ನು ಹೊಗಳಬೇಕು. ಹೊಗಳುವುದಕ್ಕೆ ಏನೂ ಇಲ್ಲವೆಂದಲ್ಲ. ಬೇಸಿಗೆಯ ನಡುಮಧ್ಯಾಹ್ನ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ, ಸಂಬಳ ಬ್ಯಾಂಕಿನ ಮೂಲಕವೇ ಬರಬೇಕು, ಕೆಲಸ ಬದಲಿಸಲು ಹಳೆಯ ಯಜಮಾನನ ಕಾಗದಕ್ಕಾಗಿ ಮೊದಲಿನಷ್ಟು ಅಂಗಲಾಚಬೇಕಿಲ್ಲ. ಇವನ್ನೆಲ್ಲ ಹೇಳಿ, ಖಹ್ವಾ ಎಂಬ ಅರಬಿ ಕಾಫಿ ಕುಡಿದು, ಆಮೇಲೆ "ಇನ್ನೂ ಸ್ವಲ್ಪ" ಎಂದು ಕೇಳಬೇಕು. ಕಾರ್ಮಿಕ ಸಂಘ ಎಂಬ ಮಾತನ್ನು ಬಾಯಿಬಿಟ್ಟು ಆಡುವ ಪದ್ಧತಿಯಿಲ್ಲ; "ಕಾರ್ಮಿಕರ ದನಿ" ಎಂದರೆ ಎರಡೂ ಕಡೆಯವರಿಗೆ ಅರ್ಥವಾಗುತ್ತದೆ. ಮೊದಮೊದಲು ನನಗೆ ಇದೆಲ್ಲ ನಾಟಕವೆನಿಸಿ ಮೈ ಉರಿಯುತ್ತಿತ್ತು. ಈಗ ಹಾಗಿಲ್ಲ. ಮೆತ್ತಗೆ ಕೇಳಿದ್ದರಿಂದಲೇ ಬದಲಾದ ಒಂದೆರಡು ಸಂಗತಿಗಳನ್ನು ನಾನೇ ನೋಡಿದ್ದೇನೆ.

ಕೆಲವು ವರ್ಷಗಳ ಹಿಂದಿನ ಆ ಸಲ ನಿಯೋಗದ ಮುಖ್ಯಸ್ಥೆಯಾಗಿ ಬಂದಾಕೆ ಬಿಳಿಗೂದಲಿನ, ಉದ್ದ ಕಾಲಿನ ಹೆಂಗಸು. ಮಾತುಕತೆಗೆ ಎರಡು ದಿನ ಮೊದಲು ಕಾರ್ಮಿಕರ ವಸತಿಯೊಂದನ್ನು ಕಣ್ಣಾರೆ ನೋಡಬೇಕೆಂದು ಆಕೆಯ ಹಟ. ಅಬುಧಾಬಿಯಿಂದ ಗಂಟೆಯ ದಾರಿ, ಜೆಬೆಲ್ ಅಲಿಯ ಕಡೆ ಇರುವ ಒಂದು ಕಂಪನಿಯ ಕ್ಯಾಂಪು ನಿಗದಿಯಾಯಿತು. ಅಲ್ಲಿ ಕಾರ್ಮಿಕರದ್ದೇ ಒಂದು ಸಮಿತಿ ಮಾಡಿದ್ದಾರೆ, ಮಾದರಿ ಕ್ಯಾಂಪು ಎಂದು ಹೆಸರಾಗಿತ್ತು. ಹಿಂದಿ ಭಾಷಾಂತರಕ್ಕೆ ಬರಬೇಕಿದ್ದವನಿಗೆ ಆ ಬೆಳಿಗ್ಗೆಯೇ ಜ್ವರ. "ನಿನಗೆ ಹಿಂದಿ ಬರುತ್ತದಲ್ಲ?" ಎಂದರು. ನಮ್ಮ ಖಾಲಿದಿಯಾ ಬಡಾವಣೆಯ ತರಕಾರಿ ಅಂಗಡಿಯವನ ಹತ್ತಿರ ಕೊಸರಾಡುವಷ್ಟು ಬರುತ್ತದೆ ಎಂದೆ. ಸಾಕು ಎಂದು ಕಾರಿಗೆ ಹತ್ತಿಸಿಕೊಂಡರು.

ನಮ್ಮ ಜೊತೆ ಕಾರ್ಮಿಕ ಇಲಾಖೆಯ ಒಬ್ಬ ಎಳೆಯ ಅಧಿಕಾರಿಯೂ ಬಂದಿದ್ದ. ಇಸ್ತ್ರಿ ಮುರಿಯದ ಬಿಳಿ ಅರಬಿ ನಿಲುವಂಗಿ, ಕಂದೂರ; ಮೆಲುದನಿ. ಕಾರಿನಿಂದ ಇಳಿದ ಕೂಡಲೇ ಕ್ಯಾಂಪಿನ ಅಂಗಳದಲ್ಲಿ ನಿಂತು ಆತ ಹೇಳಿದ: "ಯಾರಿಗಾದರೂ ದೂರು ಇದ್ದರೆ ಈಗಲೇ ನನಗೆ ಹೇಳಲಿ. ಇಲ್ಲೇ ನಿಂತು ಬಗೆಹರಿಸುತ್ತೇನೆ." ನಾನದನ್ನು ಹಿಂದಿಯಲ್ಲಿ ಹೇಳಿದೆ. ಕ್ಯಾಂಪಿನ ಮ್ಯಾನೇಜರನೂ ನಗುನಗುತ್ತ ತಲೆಯಾಡಿಸಿದ. ಅವನಿಗೆ ಹಿಂದಿ, ಇಂಗ್ಲಿಷ್ ಎರಡೂ ನೀರು ಕುಡಿದಷ್ಟು ಸಲೀಸು.

ಊಟದ ಕೋಣೆಯಲ್ಲಿ ಸಮಿತಿಯ ಆರು ಜನರನ್ನು ಕೂರಿಸಿದ್ದರು. ಎದುರಿಗೆ ನಾವು, ಪಕ್ಕದಲ್ಲಿ ಮ್ಯಾನೇಜರ್. ಸಂಬಳ ಸರಿಯಾಗಿ ಬರುತ್ತದಾ? ಬರುತ್ತದೆ. ಊಟ? ಒಳ್ಳೆಯದಿದೆ. ಮಧ್ಯಾಹ್ನದ ವಿರಾಮ? ಕೊಡುತ್ತಾರೆ. ನಾನು ಗಿಣಿಯ ಹಾಗೆ ಆಚೆಯದನ್ನು ಈಚೆ, ಈಚೆಯದನ್ನು ಆಚೆ ಮಾಡಿದೆ. ಕೊನೆಯಲ್ಲಿ ಕೂತಿದ್ದಾತ ಮೂವತ್ತೈದರ ಆಸುಪಾಸಿನವನು, ಕ್ರೇನಿನ ಕೆಳಗೆ ನಿಂತು ಕೈಸನ್ನೆ ಮಾಡುವ ಕೆಲಸದವನು. ಕರಾವಳಿ ಧಾಟಿಯ ನನ್ನ ಹಿಂದಿ ಕೇಳಿ ಅವನ ಮೀಸೆಯ ಅಡಿಯಲ್ಲಿ ಆಗಲೇ ನಗು ಸುಳಿದಾಡುತ್ತಿತ್ತು. ಅವನ ಸರದಿ ಬಂದಾಗ ಉತ್ತರ ಕೊಡುವ ಬದಲು ನನ್ನನ್ನೇ ಕೇಳಿದ:

"ಈರೆನ ಊರು ಓಲು?"

ನಿಮ್ಮ ಊರು ಎಲ್ಲಿ ಎಂದು ತುಳುವಿನಲ್ಲಿ ಕೇಳುತ್ತಿದ್ದಾನೆ! ಮನೆಯಲ್ಲಿ ಕೊಂಕಣಿಯಾದರೂ ನಾನು ಆಡಿ ಬೆಳೆದದ್ದು ತುಳುವಿನಲ್ಲಿ. ಊರಿನ ಹೆಸರು ಹೇಳಿದೆ. ಅವನದು ಅಲ್ಲಿಂದ ಎರಡು ಬಸ್ ಸ್ಟಾಪು ಆಚೆ. ಅಲ್ಲಿ ಉಳಿದವರೆಲ್ಲ ಇದ್ದಾರೆಂಬುದನ್ನು ಮರೆತು ಇಬ್ಬರೂ ತುಳುವಿಗೆ ಇಳಿದೆವು. ಅವನ ಮಾತು ಇವತ್ತಿಗೂ ನನಗೆ ಬಾಯಿಪಾಠ. ಕನ್ನಡದಲ್ಲಿ ಹೇಳಿದರೆ ಹೀಗೆ:

"ಹೆಂಡತಿಗೆ ಈಗ ಏಳು ತಿಂಗಳು ಅಕ್ಕ. ಮೊದಲು ಎರಡು ಸಲ ಬಸಿರು ಇಳಿದು ಹೋಗಿದೆ, ಈ ಸಲ ನಾನು ಜೊತೆಯಲ್ಲಿ ಇರ್ತೇನೆ ಅಂತ ಮಾತು ಕೊಟ್ಟಿದ್ದೇನೆ. ರಜೆ ಏನೋ ಸಿಕ್ಕಿದೆ. ಊರಿಗೆ ಹೋಗುವ ನೀಲಿ ಪುಸ್ತಕ ಇವರ ಕಪಾಟಿನಲ್ಲಿ ಉಂಟು. ಇವತ್ತು ನಾಳೆ ಅಂತ ಹೇಳ್ತಾರೆ. ನೀವು ಬಂದದ್ದು ಒಳ್ಳೇದಾಯ್ತು ನೋಡಿ."

"ಅಯ್ಯೋ, ಒಳ್ಳೇದಾಗ್ಲಿ ಮಾರಾಯ," ಎಂದೆ ನಾನು. "ಎಲ್ಲ ಸಲೀಸಾಗಿ ಆಗ್ತದೆ. ದೇವರಿದ್ದಾನೆ. ನಾನೂ ಪ್ರಾರ್ಥನೆ ಮಾಡ್ತೇನೆ."

ಆತ ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ನನ್ನ ಕೈಯಲ್ಲಿದ್ದ ನೋಟ್‌ಬುಕ್ಕನ್ನು ನೋಡಿ, ಆಯಿತು ಎನ್ನುವಂತೆ ತಲೆಯಾಡಿಸಿದ.

"ಅವನು ಏನು ಹೇಳಿದ?" ಎಂದು ಮುಖ್ಯಸ್ಥೆ ಕೇಳಿದಳು.

"ನನ್ನ ಊರಿನ ಕಡೆಯವನು. ಸದ್ಯದಲ್ಲೇ ತಂದೆಯಾಗುತ್ತಾನಂತೆ," ಎಂದೆ.

ಎಲ್ಲರ ಮುಖ ಅರಳಿತು. ಮುಖ್ಯಸ್ಥೆ ಎದ್ದು ಅವನ ಕೈ ಕುಲುಕಿದಳು. ಇಲಾಖೆಯ ಅಧಿಕಾರಿ "ಮಬ್ರೂಕ್, ಮಬ್ರೂಕ್" ಎಂದು ಅರಬಿಯಲ್ಲಿ ಅಭಿನಂದಿಸಿದ. ಮ್ಯಾನೇಜರ್ ಬೆನ್ನು ತಟ್ಟಿದ. ಅಲ್ಲಿನ ಬಿಗಿ ಸಡಿಲಾಗಿ ಚಹಾ ಬಂತು, ಫೋಟೊ ತೆಗೆದರು. ವಾಪಸು ಬರುವಾಗ ಕಾರಿನಲ್ಲಿ ಮುಖ್ಯಸ್ಥೆ ನನ್ನನ್ನು ಬಹಳ ಹೊಗಳಿದಳು, ನನ್ನಿಂದಾಗಿ ಅಲ್ಲಿನವರು ಮನಸ್ಸು ಬಿಚ್ಚಿದರಂತೆ. ನಾನು ಉಬ್ಬಿಹೋದೆ. ಅಂದು ಸಂಜೆ ಗಂಡನಿಗೂ, ಆ ಕ್ಯಾಂಪಿನ ಹತ್ತಿರವೇ ಡಿಸ್ಕವರಿ ಗಾರ್ಡನ್ಸಿನಲ್ಲಿರುವ ತಂಗಿಗೂ ಫೋನಿನಲ್ಲಿ ಕತೆ ಹೇಳಿದ್ದೇ ಹೇಳಿದ್ದು.

ಅವನ ಮಾತಿನಲ್ಲಿದ್ದ ದೂರು ನನಗೆ ಕೇಳಿಸಲೇ ಇಲ್ಲ ಎಂದರೆ ಓದುವವರು ನಂಬಲಿಕ್ಕಿಲ್ಲ. ಅದಕ್ಕೆ ಎರಡು ಕಾರಣ. ಗಲ್ಫಿನಲ್ಲಿ ನಾಲ್ಕು ಜನರ ನಡುವೆ ಕರಾವಳಿಯವರಿಬ್ಬರು ಸಿಕ್ಕಿ ತುಳುವಿಗೆ ತಿರುಗಿದರೆ, ಆ ಮಾತು ನಮ್ಮಿಬ್ಬರೊಳಗೆ ಎಂದು ಲೆಕ್ಕ. ಬಾಸ್ ಬೈದದ್ದು, ಪಕ್ಕದ ಮೇಜಿನವಳ ಸೀರೆ, ಊರಿನ ಮೀನಿನ ರೇಟು, ಇಂಥವಕ್ಕೆ ತುಳು. ಕಡತಕ್ಕೆ ಹೋಗಬೇಕಾದ್ದು ಇಂಗ್ಲಿಷಿನಲ್ಲಿ. ಆತ ತುಳು ತೆಗೆದದ್ದೇ ನನ್ನ ಪೆನ್ನು ತಾನಾಗಿ ನಿಂತುಬಿಟ್ಟಿತು. ಇನ್ನೊಂದು ಕಾರಣ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನಾನು ಈ ದೇಶಕ್ಕೆ ಬಂದ ಕಾಲದಲ್ಲಿ ಎಲ್ಲರ ಪಾಸ್‌ಪೋರ್ಟೂ ಆಫೀಸಿನಲ್ಲೇ ಇರುತ್ತಿತ್ತು. ನನ್ನದು ಮೊದಲ ಕಂಪನಿಯ ಯಜಮಾನನ ಮೇಜಿನ ಖಾನೆಯಲ್ಲಿ ಆರು ವರ್ಷ ಇತ್ತು. ಊರಿಗೆ ಹೋಗುವ ಒಂದು ವಾರ ಮೊದಲು ಹೋಗಿ ನಿಂತು ಕೇಳುವುದು, ಅವನು ಕೊಡುವುದು, ನಾನು ಥ್ಯಾಂಕ್ಸ್ ಹೇಳುವುದು. ಹಾಗೆ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ ಎಂದು ನಾನೇ ಎಷ್ಟೋ ಟಿಪ್ಪಣಿಗಳಲ್ಲಿ ಟೈಪು ಮಾಡಿದ್ದೇನೆ. ಆದರೂ "ನೀಲಿ ಪುಸ್ತಕ ಕಪಾಟಿನಲ್ಲಿ ಉಂಟು" ಎಂದು ತುಳುವಿನಲ್ಲಿ ಕೇಳಿದಾಗ, ಅದು ಪಾಸ್‌ಪೋರ್ಟೆಂದು ತಿಳಿದಿದ್ದರೂ, ಅಕ್ಕಿ ಡಬ್ಬದಲ್ಲಿ ಉಂಟು ಎಂದಷ್ಟೇ ಸಹಜವಾಗಿ ಕೇಳಿಸಿತು.

ಎರಡು ದಿನ ಬಿಟ್ಟು ಮಾತುಕತೆ. ಉದ್ದನೆಯ ಮೇಜು, ಗೋಡೆಯ ಮೇಲೆ ಅರಸರ ಚಿತ್ರಗಳು, ಖಹ್ವಾ ಸುರಿಯುವವನ ಕೈಯಲ್ಲಿ ದಲ್ಲಾ ಎಂಬ ಹಿತ್ತಾಳೆಯ ಹೂಜಿ. ಸಾಕಾದರೆ ಬಟ್ಟಲನ್ನು ಕೊಂಚ ಅಲ್ಲಾಡಿಸಬೇಕು. ಅದನ್ನು ಮುಖ್ಯಸ್ಥೆಗೆ ಹೇಳಿಕೊಡಲು ನಾನು ಮರೆತಿದ್ದೆ. ಪಾಪ, ಆಕೆ ಸುರಿದದ್ದನ್ನೆಲ್ಲ ಕುಡಿಯುತ್ತಲೇ ಇದ್ದಳು. ವ್ಯಾಪಾರ ಮುಗಿಯಿತು, ಭದ್ರತೆ ಮುಗಿಯಿತು. ಕಾರ್ಮಿಕರ ವಿಷಯ ಬಂದಾಗ ಆಕೆ ಕ್ಯಾಂಪಿನ ಭೇಟಿಯನ್ನು ನೆನೆದು ಹೊಗಳಿದಳು. ತಂದೆಯಾಗಲಿರುವ ಒಬ್ಬನನ್ನು ಕಂಡೆವು, ಅವನ ಸಂತೋಷ ನಮ್ಮೆಲ್ಲರಿಗೂ ತಾಗಿತು ಎಂದಳು. ಆಮೇಲೆ "ಇನ್ನೂ ಸ್ವಲ್ಪ" ಎನ್ನುವ ಭಾಗ ಬಂತು. ಕೆಲವು ಕಂಪನಿಗಳು ಇನ್ನೂ ಕಾರ್ಮಿಕರ ಪಾಸ್‌ಪೋರ್ಟ್ ಇಟ್ಟುಕೊಳ್ಳುತ್ತವೆ ಎಂದು ಕೇಳಿದ್ದೇವೆ, ಎಂದು ಮೆಲ್ಲನೆ ಸೇರಿಸಿದಳು.

ಎದುರು ಸಾಲಿನಲ್ಲಿದ್ದ ಹಿರಿಯ ಅಧಿಕಾರಿ ಕೋಪಗೊಳ್ಳಲಿಲ್ಲ. "ನಮ್ಮ ಕಾನೂನು ಅದನ್ನು ನಿಷೇಧಿಸಿದೆ," ಎಂದರು. "ಕೇಳಿದ್ದೇವೆ ಎನ್ನುವುದನ್ನು ನಾವು ಪ್ರತಿವರ್ಷ ಕೇಳುತ್ತೇವೆ. ಮೊನ್ನೆ ನೀವೇ ಹೋಗಿ ನೋಡಿ ಬಂದಿರಿ. ಒಂದು ಉದಾಹರಣೆ ಕೊಡಿ. ಒಂದೇ ಒಂದು. ಇವತ್ತೇ ಕ್ರಮ ತೆಗೆದುಕೊಳ್ಳುತ್ತೇವೆ."

ಮುಖ್ಯಸ್ಥೆ ತನ್ನ ಕಾಗದಗಳನ್ನು ತಿರುವಿದಳು. ಅವುಗಳಲ್ಲೇನೂ ಇರಲಿಲ್ಲ. ಕ್ಯಾಂಪಿಗೆ ಬಂದಿದ್ದ ಎಳೆಯ ಅಧಿಕಾರಿಯೂ ಎದುರು ಸಾಲಿನ ತುದಿಯಲ್ಲಿ ಕೂತು ಅವಳನ್ನೇ ನೋಡುತ್ತಿದ್ದ.

ಆಗ ನನಗೆ ಹೊಳೆಯಿತು. ಕಪಾಟು. ಇವತ್ತು ನಾಳೆ. ನೀವು ಬಂದದ್ದು ಒಳ್ಳೇದಾಯ್ತು ನೋಡಿ. ಆತ ನನ್ನ ಹತ್ತಿರ ಸುಖದುಃಖ ಹಂಚಿಕೊಂಡದ್ದಲ್ಲ, ದೂರು ಕೊಟ್ಟದ್ದು. ಪಕ್ಕದಲ್ಲೇ ಕೂತಿದ್ದ ಮ್ಯಾನೇಜರನಿಗೆ ಅರ್ಥವಾಗದಿರಲೆಂದು ಭಾಷೆ ಬದಲಿಸಿ, ಪಾಸ್‌ಪೋರ್ಟ್ ಎಂಬ ಇಂಗ್ಲಿಷ್ ಪದವನ್ನೂ ತಪ್ಪಿಸಿದ್ದ. ನಾನು ಅದನ್ನು ಪುಸ್ತಕದಲ್ಲಿ ಬರೆದುಕೊಂಡು, ಹೊರಗೆ ಹೋದಮೇಲೆ ಹೇಳಬೇಕಾದವರಿಗೆ ಹೇಳುತ್ತೇನೆಂದು ನಂಬಿದ್ದ. ಪ್ರಾರ್ಥನೆ ಮಾಡುತ್ತೇನೆಂದಿದ್ದೆ! ಬಡ್ಡು ತಲೆಯವಳೇ ಎಂದು ನನ್ನನ್ನು ನಾನೇ ಬೈದುಕೊಂಡೆ.

ಚೀಟಿ ಬರೆದೆ. ಮೂರೇ ಸಾಲು. ಮುಂದೆ ಚಾಚಲು ಕೈ ಎತ್ತಿದೆ, ಮತ್ತೆ ಇಳಿಸಿದೆ. ಚೀಟಿ ಕಂಡರೆ ಆಕೆ ಅಲ್ಲೇ ಓದಿಹೇಳುತ್ತಾಳೆ. ಈಗಷ್ಟೇ ಹೊಗಳಿದ ಕ್ಯಾಂಪನ್ನೇ ಈಗ ದೂರಿದಂತಾಗುತ್ತದೆ. ಭಾಷಾಂತರ ಮಾಡಿದವಳು ಮೊನ್ನೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಎಲ್ಲರೆದುರು ಅವನ ಹೆಸರು ಬಿದ್ದರೆ ಅವನ ಗತಿಯೇನು. ಈ ಕೊನೆಯ ಕಾರಣವನ್ನು ಆಗ ನಾನು ಬಲವಾಗಿ ಹಿಡಿದುಕೊಂಡೆ. ಈಗ ಯೋಚಿಸಿದರೆ, ಮೊನ್ನೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆನ್ನುವ ಭಯವೇ ನನ್ನ ಕೈ ಇಳಿಸಿದ್ದು. ಹಿರಿಯ ಅಧಿಕಾರಿ ಕೊಂಚ ಹೊತ್ತು ಕಾದು, ಸೌಜನ್ಯದಿಂದ ಮುಂದಿನ ವಿಷಯಕ್ಕೆ ಹೋದರು.

ಊಟದ ನಂತರ ಮುಖ್ಯಸ್ಥೆಯನ್ನು ಒಂದು ಬದಿಗೆ ಕರೆದು ಎಲ್ಲ ಹೇಳಿದೆ. ಆಕೆ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಹಣೆ ಒತ್ತಿಕೊಂಡು, "ಮಾತುಕತೆಯಲ್ಲೇ ಬಾಗಿಲು ತೆರೆದಿತ್ತು. ಈಗ ಸುತ್ತು ಹಾಕಿ ಬರಬೇಕು," ಎಂದಳು. ಹಾಗೆಯೇ ಆಯಿತು. ಆಕೆ ತನ್ನ ರಾಜಧಾನಿಗೆ ಬರೆದಳು, ಅಲ್ಲಿಂದ ನಮ್ಮ ಕಚೇರಿಗೆ ಅನುಮತಿ ಬಂತು, ಯಾವ ಕಾರ್ಮಿಕನ ಹೆಸರೂ ಇಲ್ಲದ, ಯಾರಿಗೂ ಮುಜುಗರವಾಗದ ಒಂದು ಪತ್ರ ನಾಲ್ಕು ಸಲ ತಿದ್ದಿಸಿಕೊಂಡು ಇಲಾಖೆಗೆ ಹೋಯಿತು. ನಾಲ್ಕು ಸಲವೂ ಟೈಪು ಮಾಡಿದವಳು ನಾನು. ಇಲಾಖೆಯವರನ್ನು ದೂರುವಂತಿಲ್ಲ. ಪತ್ರ ತಲುಪಿದ ಮೂರನೆಯ ದಿನವೇ ಅವರ ತನಿಖೆಯವರು ಕ್ಯಾಂಪಿಗೆ ಹೋಗಿ, ಕಪಾಟು ತೆರೆಸಿ, ಅಲ್ಲಿದ್ದ ಪಾಸ್‌ಪೋರ್ಟುಗಳನ್ನೆಲ್ಲ ಅವರವರ ಕೈಗೆ ಕೊಡಿಸಿದರು. ಅಷ್ಟರಲ್ಲಿ ಐದು ವಾರ ಕಳೆದಿತ್ತು.

ಸುದ್ದಿ ಬಂದ ದಿನ ಕಚೇರಿಯಲ್ಲಿ ಎಲ್ಲರಿಗೂ ಖುಷಿ. ಒಂದು ಭೇಟಿ, ಒಂದು ಪತ್ರ, ಒಂದು ಕ್ಯಾಂಪಿನ ಅಷ್ಟೂ ಜನಕ್ಕೆ ಪಾಸ್‌ಪೋರ್ಟು. ಸುಧಾರಣೆ ಎಂದರೆ ಹೀಗೇ ಇಷ್ಟಿಷ್ಟೇ ಎಂದು ರಾಯಭಾರಿ ಎಲ್ಲರಿಗೂ ಕೇಕು ತರಿಸಿದರು. ನಾನು ತಿನ್ನಲಿಲ್ಲ. ಸಮಿತಿಯ ಪಟ್ಟಿಯಲ್ಲಿ ಅವನ ಫೋನ್ ನಂಬರಿತ್ತು. ಕರೆ ಮಾಡಿದೆ. ತಂಗಿಯ ಮನೆಗೆ ಬರುವವಳಿದ್ದೇನೆ, ಅಲ್ಲೇ ಸಿಗಬಹುದಾ ಎಂದೆ. ನಾಡಿದ್ದು ಊರಿಗೆ ಹೊರಟಿದ್ದೇನೆ, ಅದಕ್ಕೆ ಮೊದಲು ಬಂದೇ ಬರುತ್ತೇನೆ ಎಂದ.

ಡಿಸ್ಕವರಿ ಗಾರ್ಡನ್ಸಿನಲ್ಲಿ ತಂಗಿಯ ಕಟ್ಟಡದ ಕೆಳಗೊಂದು ಕೆಫೆಟೇರಿಯಾ ಇದೆ. ಸಂಜೆ ಅದರ ಹೊರಗಿನ ಕುರ್ಚಿಯಲ್ಲಿ ಅವನು ಕಾಯುತ್ತಿದ್ದ. ಒಗೆದು ಇಸ್ತ್ರಿ ಮಾಡಿದ ಅಂಗಿ, ಅದರ ಜೇಬಿನಲ್ಲಿ ಪಾಸ್‌ಪೋರ್ಟಿನ ಅಂಚು ಕಾಣುತ್ತಿತ್ತು. ತಂಗಿಯ ಮಗಳು ನನ್ನ ಜೊತೆ ಇಳಿದು ಬಂದಿದ್ದಳು; ಅವನು "ಎಂತ ಮಗಾ, ಶಾಲೆ ಇಲ್ವಾ?" ಎಂದರೆ ಅವಳು ಇಂಗ್ಲಿಷಿನಲ್ಲಿ ಏನೋ ಹೇಳಿ ಸೈಕಲು ಹತ್ತಿ ಹೋದಳು. ನಾನು ಎರಡು ಕರಕ್ ಚಹಾ ತರಿಸಿದೆ.

"ಮಗು?" ಎಂದೆ. ಅದನ್ನು ಕೇಳದೆ ಬೇರೇನನ್ನೂ ಮಾತಾಡಲು ನನ್ನಿಂದ ಆಗುತ್ತಿರಲಿಲ್ಲ.

"ಆಯ್ತಕ್ಕ. ಹೆಣ್ಣು. ದಿನ ತುಂಬುವ ಮೊದಲೇ ಆಯ್ತು. ಇವತ್ತಿಗೆ ಹನ್ನೆರಡು ದಿನ. ಈಗ ಅಡ್ಡಿಯಿಲ್ಲ, ಹಾಲು ಕುಡೀತಾಳೆ."

"ಹೆಂಡತಿ?"

"ಅವಳೂ ಹುಷಾರಿದ್ದಾಳೆ." ಚಹಾದ ಲೋಟವನ್ನು ಎರಡು ಕೈಯಲ್ಲಿ ಹಿಡಿದುಕೊಂಡ. "ಮೂರು ದಿನ ಆಸ್ಪತ್ರೆಯಲ್ಲಿ ಡಾಕ್ಟ್ರು ಏನೂ ಹೇಳ್ಲಿಲ್ಲ ಅಂತೆ. ಅವಳೊಬ್ಬಳೇ ಇದ್ದದ್ದು, ಅವಳ ಅಮ್ಮನಿಗೆ ನಡೀಲಿಕ್ಕೆ ಆಗುದಿಲ್ಲ. ಈಗ ನಾನು ವೀಡಿಯೊ ಕಾಲ್ ಮಾಡಿದ್ರೆ ಮಾತಾಡುದಿಲ್ಲ ಅಕ್ಕ. ಫೋನನ್ನು ಮಗುವಿನ ಕಡೆ ಹಿಡೀತಾಳೆ, ಅಷ್ಟೇ. ಹೋದ್ಮೇಲೆ ಸರಿಯಾಗ್ತದೆ."

ಅವನು ನನ್ನ ಮುಖ ನೋಡಿ ನನ್ನನ್ನೇ ಸಮಾಧಾನ ಮಾಡಲು ಹೊರಟ.

"ನೀವು ಬೇಜಾರು ಮಾಡ್ಬೇಡಿ. ನೀವು ಮಾಡಿದ್ದು ಸಣ್ಣ ಉಪಕಾರವಾ? ಇಡೀ ಕ್ಯಾಂಪಿಗೆ ಪಾಸ್‌ಪೋರ್ಟ್ ಸಿಕ್ತು. ಆ ದಿನ ನಾನು ಹೇಳಿದ ಕೂಡ್ಲೇ ನೀವು ಹೇಗೆ ನಗಾಡಿ, ದೇವರು, ಪ್ರಾರ್ಥನೆ ಅಂತ ಹೇಳಿ ಮ್ಯಾನೇಜರನ ಕಣ್ಣಿಗೆ ಮಣ್ಣು ಹಾಕಿದ್ರಿ! ಅವನೇ ನನ್ನ ಬೆನ್ನು ತಟ್ಟಿದ! ರೂಮಿನಲ್ಲಿ ಎಲ್ಲರಿಗೂ ಹೇಳಿದ್ದೇನೆ, ನಮ್ಮ ಊರಿನ ಅಕ್ಕ ಭಾರೀ ಚುರುಕು, ಮುಖದಲ್ಲಿ ಒಂದು ಗೆರೆ ಆಚೀಚೆ ಆಗ್ಲಿಲ್ಲ ಅಂತ."

ಒಪ್ಪಿಕೊಂಡುಬಿಡಬಹುದಿತ್ತು. ಅವನು ಹೊರಡುವ ಸಂಭ್ರಮದಲ್ಲಿದ್ದ, ನನ್ನ ಮರ್ಯಾದೆಯೂ ಉಳಿಯುತ್ತಿತ್ತು, ಯಾರಿಗೂ ನಷ್ಟವಿರಲಿಲ್ಲ. ಇಪ್ಪತ್ತು ವರ್ಷ ಆ ಕಚೇರಿಯಲ್ಲಿ ನಾನು ಕಲಿತದ್ದೂ ಅದನ್ನೇ, ಎಲ್ಲರ ಮುಖ ಉಳಿಸುವ ಮಾತನ್ನು ಆರಿಸಿ ಆಡುವುದು. ಆದರೆ ಪತ್ರವನ್ನು ನಾಲ್ಕನೆಯ ಸಲ ಟೈಪು ಮಾಡುವಾಗಿನಿಂದ ಎದೆಯಲ್ಲಿ ಕೂತಿದ್ದ ಸಿಟ್ಟು, ನನ್ನ ಮೇಲಿನ ಸಿಟ್ಟು, ಅಷ್ಟು ಸುಲಭಕ್ಕೆ ಇಳಿಯುವಂಥದ್ದಾಗಿರಲಿಲ್ಲ.

"ಇಲ್ಲ ಮಾರಾಯ," ಎಂದೆ. "ನಾನು ಮುಚ್ಚಿಟ್ಟದ್ದಲ್ಲ. ನನಗೆ ಅರ್ಥವೇ ಆಗ್ಲಿಲ್ಲ. ನೀನು ಮನೆ ಸುದ್ದಿ ಹೇಳ್ತಾ ಇದ್ದಿ ಅಂತ ಗ್ರಹಿಸಿದೆ. ಪುಸ್ತಕದಲ್ಲಿ ಬರೀಲೂ ಇಲ್ಲ. ಇಲಾಖೆಯ ಆ ಹುಡುಗ ಅಲ್ಲೇ ಇದ್ದ, ಅವತ್ತೇ ಹೇಳಿದ್ರೆ ಅವತ್ತೇ ಆಗ್ತಿತ್ತು. ಎರಡು ದಿನ ಬಿಟ್ಟು ಗೊತ್ತಾಯ್ತು. ಆಗಲೂ ಹೆದರಿ ಸುಮ್ಮನೆ ಕೂತೆ. ನೀನು ಮಗು ಹುಟ್ಟುವಾಗ ಅಲ್ಲಿ ಇರದೆ ಹೋದದ್ದು ನನ್ನಿಂದ."

ಅವನು ಚಹಾದ ಲೋಟವನ್ನು ಮೇಜಿನ ಮೇಲಿಟ್ಟ. ಜೇಬಿನಿಂದ ಪಾಸ್‌ಪೋರ್ಟು ತೆಗೆದು, ಬಿಡಿಸಿ ನೋಡದೆ, ಮತ್ತೆ ಜೇಬಿನೊಳಗೆ ಸರಿಯಾಗಿ ತಳ್ಳಿದ. ಬೈಯುತ್ತಾನೆ, ಬೈಯಲಿ ಎಂದು ನಾನು ಕಾದೆ.

"ನಾನು ಎಲ್ಲರೆದುರು ಹಿಂದಿಯಲ್ಲಿ ಹೇಳ್ಲಿಲ್ಲ," ಎಂದ ಕೊನೆಗೆ. "ಆ ಬಿಳಿಯವರ ಹತ್ರ ಹೇಳ್ಲಿಲ್ಲ. ಅಂಗಳದಲ್ಲಿ ಆ ಅರಬಿ ಹುಡುಗ ಕೇಳಿದಾಗ ಬಾಯಿ ತುದಿಗೆ ಬಂದದ್ದನ್ನು ತಡೆದು ಹಿಡಿದೆ. ನಿಮ್ಮ ಮಾತು ಕೇಳಿ, ಇವರು ನಮ್ಮವರು, ಇವರಿಗೆ ಬಿಡಿಸಿ ಹೇಳ್ಬೇಕು ಅಂತ ಇಲ್ಲ ಅಂತ ಗ್ರಹಿಸಿದೆ. ನಿಮಗೇ ಅರ್ಥ ಆಗ್ಲಿಲ್ಲ ಅಂದ್ರೆ, ನಾನು ಯಾರ ಹತ್ರ ಹೇಳ್ಬೇಕಿತ್ತು ಅಕ್ಕ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಮುಂದಿನ ಸಲಕ್ಕೆ ಬೇಕಾಗಬಹುದು ಎನ್ನುವವನ ಹಾಗೆ, ನನ್ನ ಉತ್ತರಕ್ಕಾಗಿ ಕಾಯುತ್ತ ಕೂತಿದ್ದ.